ಕತ್ತರಿ ಒಂದು, ಬಾಚಣಿಗೆ ಎರಡು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಹೆಸರು ‘ಸರಿಯಿದೆ’. ಹೆತ್ತವರು ಇಟ್ಟ ಹೆಸರು ಬೇರೆ. ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅಕ್ಕ ಒಬ್ಬಳೇ. ಅವಳ ಮನೆಗೆ ಈಗ ಅವನು ಹೋಗುವುದಿಲ್ಲ. ರಜೆಯ ದಿನ ಚಹಾ ಕುಡಿಯಲು ಈ ಬೀದಿಗೆ ಬಂದರೆ, ಸೈಕಲ್ ರಿಪೇರಿ ಅಂಗಡಿಯ ಮುಂದೆ ಆಡುವ ಮಕ್ಕಳು ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಎರಡು ಬೆರಳನ್ನು ಕತ್ತರಿಯ ಹಾಗೆ ಅಗಲಿಸಿ, “ಸರಿಯಿದೆ ಸಾರ್” ಎಂದು ಕೂಗಿ ಓಡುತ್ತಾರೆ. ಅವನು ತಿರುಗಿ ನೋಡುವುದಿಲ್ಲ. ಖಾಲಿ ಲೋಟವನ್ನು ಕಟ್ಟೆಯ ಮೇಲೆ ಇಡುವಾಗ ಮಾತ್ರ ತುಟಿ ಸ್ವಲ್ಪ ಅಲುಗುತ್ತದೆ. ಚಹಾದಂಗಡಿಯವನು ಅದಕ್ಕಾಗಿಯೇ ಕಾಯುತ್ತಿರುತ್ತಾನೆ. “ಲೋಟ ಒಂದು, ಅಲ್ವಾ?” ಎಂದು ಪಕ್ಕದವನಿಗೆ ಕಣ್ಣು ಹೊಡೆಯುತ್ತಾನೆ.

ಈ ಮಾತು ಹುಟ್ಟಿದ್ದು ಊರಾಚೆಯ ಸುಧಾರಣಾ ಗೃಹದಲ್ಲಿ. ಅಪರಾಧ ಮಾಡಿ ಸಿಕ್ಕಿಬಿದ್ದ, ಇನ್ನೂ ಮೀಸೆ ಬಲಿಯದ ಹುಡುಗರನ್ನು ಅಲ್ಲಿ ಇಡುತ್ತಾರೆ. ಅವನು ಹೋದಾಗ ಅವನಿಗೆ ಹದಿನಾರು ವರ್ಷ. ಅವನಿಗಿಂತ ದೊಡ್ಡವರಿಬ್ಬರು ಅವನನ್ನು ಗೇಟಿನಲ್ಲಿ ನಿಲ್ಲಿಸಿ ಒಂದು ಗೋದಾಮಿಗೆ ನುಗ್ಗಿದ್ದರು. ಅಡ್ಡ ಬಂದ ಕಾವಲುಗಾರನನ್ನು ತಳ್ಳಿದ ರಭಸಕ್ಕೆ ಆತ ಮೆಟ್ಟಿಲಿಂದ ಉರುಳಿ ಸೊಂಟ ಮುರಿದುಕೊಂಡ. ದೊಡ್ಡವರು ಹಿಂಬದಿಯ ಗೋಡೆ ಹಾರಿ ಓಡಿದರು. ಇವನಿಗೆ ಗೇಟು ಬಿಟ್ಟು ಕದಲಬೇಡ ಎಂದಿದ್ದರು, ಕದಲಲಿಲ್ಲ. ಪೊಲೀಸರು ಬಂದಾಗಲೂ ಅಲ್ಲೇ ನಿಂತಿದ್ದ.

ಸುಧಾರಣಾ ಗೃಹದಲ್ಲಿ ಮೂರು ಕಸುಬು ಕಲಿಸುತ್ತಿದ್ದರು: ಮರಗೆಲಸ, ಹೊಲಿಗೆ, ಕ್ಷೌರ. ಹೊರಗೆ ಹೋದ ಮೇಲೆ ಹುಡುಗ ಮತ್ತೆ ಗೋಡೆ ಹಾರದೆ ದುಡಿದು ತಿನ್ನಲಿ ಎಂಬುದು ಉದ್ದೇಶ. ಕ್ಷೌರ ಕಲಿಸುತ್ತಿದ್ದ ಮೇಷ್ಟ್ರು ಸೈನ್ಯದಲ್ಲಿ ಸಿಪಾಯಿಗಳ ತಲೆ ಬೋಳಿಸಿ ಬಂದವರು. ಒಣಕಲು ದೇಹ, ನೀಟಾಗಿ ಕತ್ತರಿಸಿದ ಹುಬ್ಬು. ಮೊದಲ ದಿನವೇ ಪೆಟ್ಟಿಗೆ ತೆರೆದು ಹುಡುಗರಿಗೆ ಹೇಳುತ್ತಿದ್ದರು: “ನಿಮ್ಮ ಕೈಗೆ ಹರಿತವಾದ್ದು ಕೊಡ್ತೀನಿ ಅಂದ್ರೆ, ನಿಮ್ಮನ್ನ ನಂಬಿದೀನಿ ಅಂತ ಅಲ್ಲ. ನಂಗೆ ಎಣಿಸೋಕೆ ಬರುತ್ತೆ ಅಂತ.”

ಎಣಿಕೆಗೆ ಅವರದೇ ಒಂದು ಪದ್ಧತಿಯಿತ್ತು. ಒಂದು ತಲೆ ಮುಗಿದ ಕೂಡಲೇ ಹುಡುಗ ಕುರ್ಚಿಯಿಂದ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹಿಮ್ಮಡಿ ಕೂಡಿಸಬೇಕು. ಉಪಕರಣಗಳನ್ನೆಲ್ಲ ಬಲಗೈಯಲ್ಲಿ ಹಿಡಿದು ತಲೆಯ ಮೇಲಕ್ಕೆತ್ತಿ, ಅಂಗಳಕ್ಕೆ ಕೇಳುವ ಹಾಗೆ ಕೂಗಬೇಕು: “ಕತ್ತರಿ ಒಂದು, ಬಾಚಣಿಗೆ ಎರಡು, ರೇಜರ್ ಒಂದು, ಸರಿಯಿದೆ ಸಾರ್.” ಮೇಷ್ಟ್ರು “ಒಳಗೆ” ಎನ್ನಬೇಕು. ಆಮೇಲೆ ಅವು ಪೆಟ್ಟಿಗೆಗೆ ಹೋಗುತ್ತವೆ. ಮೇಷ್ಟ್ರು “ಒಳಗೆ” ಎನ್ನುವ ತನಕ ಕೈ ಇಳಿಸುವಂತಿಲ್ಲ. ಅವರು ಕೆಲವೊಮ್ಮೆ ಎಲೆಯಡಿಕೆ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ, ಸಾಕಷ್ಟು ಹೊತ್ತು ಬಾಯಿ ಬಿಡುತ್ತಿರಲಿಲ್ಲ.

ಒಮ್ಮೆ ಒಂದು ಬಾಚಣಿಗೆ ಕಡಿಮೆ ಬಂತು. ಹುಡುಗರ ಬಟ್ಟೆ ಬಿಚ್ಚಿಸಿ ಅಂಗಳದ ಬಿಸಿಲಿಗೆ ನಿಲ್ಲಿಸಿದರು. ಹಾಸಿಗೆ ಕೊಡವಿದರು, ಚರಂಡಿಯ ಜಾಲರಿ ಎತ್ತಿ ನೋಡಿದರು. ಒಬ್ಬ ಹುಡುಗ ತಲೆಸುತ್ತಿ ಬಿದ್ದ. ಸಂಜೆಯ ಹೊತ್ತಿಗೆ ಬಾಚಣಿಗೆ ಮೇಷ್ಟ್ರ ಸ್ವಂತ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಅವರು ಅದನ್ನು ತೆಗೆದು ನೋಡಿ, ಪೆಟ್ಟಿಗೆಗೆ ಹಾಕಿ, “ಇನ್ಮೇಲೆ ಕೂಗೋದು ಮರೆಯಲ್ಲ ತಾನೇ?” ಎಂದರು.

ಯಾರೂ ಮರೆಯಲಿಲ್ಲ. ಪರಿಶೀಲನೆಗೆ ಬಂದವರೆಲ್ಲ ಈ ಕೂಗಿಗೆ ಮಾರುಹೋಗುತ್ತಿದ್ದರು. ಮರಗೆಲಸದ ಶೆಡ್ಡಿನಲ್ಲಿ ಉಳಿ, ಮೊಳೆ ಕಾಣೆಯಾಗುತ್ತಿದ್ದವು. ಹೊಲಿಗೆ ಕೋಣೆಯಲ್ಲಿ ಸೂಜಿಗಳ ಲೆಕ್ಕ ಇಟ್ಟವರೇ ಇಲ್ಲ. ಕ್ಷೌರದ ಕೋಣೆಯಿಂದ ಮಾತ್ರ ಒಂದು ಬ್ಲೇಡೂ ಹೊರಗೆ ಹೋದದ್ದಿಲ್ಲ. ಸೂಪರಿಂಟೆಂಡೆಂಟರು ಅತಿಥಿಗಳನ್ನು ಮೊದಲು ಅಲ್ಲಿಗೇ ಕರೆತರುತ್ತಿದ್ದರು.

ಗೋದಾಮಿನ ಗೇಟಿನಲ್ಲಿ ಸಿಕ್ಕಿಬಿದ್ದ ಆ ಹುಡುಗನ ಕೈ ಒಳ್ಳೆಯದಿತ್ತು. ಕೊನೆಯ ಪರೀಕ್ಷೆಗೆ ಮೇಷ್ಟ್ರು ತಾವೇ ಕುರ್ಚಿಯಲ್ಲಿ ಕೂತು ಕತ್ತು ಎತ್ತಿ ಕಣ್ಣು ಮುಚ್ಚುತ್ತಿದ್ದರು. ಇವನು ಮುಗಿಸಿದಾಗ ಗಲ್ಲ ಸವರಿಕೊಂಡು, “ನಮ್ಮಪ್ಪ ಮಾಡಿದ ಹಾಗಿದೆ,” ಎಂದರು. ಅವರು ಯಾರಿಗೂ ಹೀಗೆ ಹೇಳಿದ್ದನ್ನು ಅಲ್ಲಿನವರು ಕೇಳಿರಲಿಲ್ಲ. ಅವನು ಆ ಮಾತನ್ನು ಇಂದಿಗೂ ಹೇಳಿಕೊಳ್ಳುತ್ತಾನೆ.

ಬಿಡುಗಡೆಯಾದಾಗ ಹೋಗಲು ಇದ್ದದ್ದು ಅಕ್ಕನ ಮನೆ ಒಂದೇ. ಟೈರ್ ಅಂಗಡಿಯ ಮೇಲೆ ಎರಡು ಕೋಣೆ. ಅಕ್ಕ ಔಷಧ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಾಳೆ, ಭಾವ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ, ನಾಲ್ಕು ವರ್ಷದ ಮಗಳಿದ್ದಾಳೆ. ಅವನ ಚೀಲ ಇನ್ನೂ ಹೆಗಲ ಮೇಲಿದ್ದಾಗಲೇ ಭಾವ ಬಾಗಿಲಲ್ಲಿ ಹೇಳಿದ: “ನೋಡಪ್ಪ, ನಾನು ಬಾಯಿಬಿಟ್ಟು ಹೇಳೋ ಮನುಷ್ಯ. ಕೆಲಸ ಇರೋವರೆಗೂ ನೀನು ನನ್ನ ಭಾಮೈದ. ಕೆಲಸ ಹೋದ ದಿನ ನೀನ್ಯಾರೋ, ನಾನ್ಯಾರೋ.”

“ಸರಿ ಭಾವ,” ಎಂದ ಅವನು. ಆ ದಿನದಿಂದ ಅವನ ಬದುಕು ಒಂದು ಕುರ್ಚಿಗೆ ಗಂಟು ಬಿತ್ತು. ಯಾವುದಾದರೂ ಅಂಗಡಿಯಲ್ಲಿ ಗಿರಾಕಿ ಕೂರುವ ಒಂದು ಕುರ್ಚಿ ಅವನ ಪಾಲಿಗಿದ್ದರೆ ಮನೆ ಇದೆ, ಇಲ್ಲದಿದ್ದರೆ ಇಲ್ಲ.

ಮೊದಲ ಕುರ್ಚಿ ಬಸ್ ನಿಲ್ದಾಣದ ಹಿಂದಿನ ಈ ಬೀದಿಯ ಕಟಿಂಗ್ ಶಾಪಿನಲ್ಲಿ ಸಿಕ್ಕಿತು. ಅಕ್ಕನ ಜೊತೆ ಕೆಲಸ ಮಾಡುವವಳೊಬ್ಬಳು ಮಾಲೀಕನಿಗೆ ಪರಿಚಯ. ಹುಡುಗ ಹಾಸ್ಟೆಲಿನಲ್ಲಿ ಕಲಿತವನು ಎಂದು ಹೇಳಿ ಸೇರಿಸಿದರು. ಮೊದಲ ಗಿರಾಕಿಯ ತಲೆ ಮುಗಿಯಿತು. ಹುಡುಗ ಒಂದು ಹೆಜ್ಜೆ ಹಿಂದೆ ಸರಿದ, ಹಿಮ್ಮಡಿ ಕೂಡಿಸಿದ, ಕೈಯೆತ್ತಿ ಕೂಗಿಬಿಟ್ಟ. ಗಿರಾಕಿ ಬೆಚ್ಚಿ ಕುರ್ಚಿಯಿಂದ ಅರ್ಧ ಎದ್ದ.

“ಏನೋ ಇದು?” ಎಂದ ಮಾಲೀಕ.

“ಅಭ್ಯಾಸ ಅಣ್ಣಾ. ಹಾಸ್ಟೆಲಲ್ಲಿ ಹಾಗೆ ಕಲಿಸಿದ್ರು.”

“ನಮ್ಮಲ್ಲಿ ಯಾರಪ್ಪ ಕದೀತಾರೆ ಆ ಮುರುಕು ಬಾಚಣಿಗೇನ?” ಮಾಲೀಕ ನಕ್ಕ. ಗಿರಾಕಿಯೂ ನಕ್ಕ. ಹುಡುಗ ಹೆಚ್ಚು ನಕ್ಕ.

ನಗು ಅವನನ್ನು ಕೆಲವು ತಿಂಗಳು ಕಾಪಾಡಿತು. ತರಕಾರಿ ಸಗಟು ವ್ಯಾಪಾರಿಯೊಬ್ಬ ಕೂಗು ಕೇಳುವುದಕ್ಕೆಂದೇ ಮಕ್ಕಳನ್ನು ಕರೆತರುತ್ತಿದ್ದ. “ಸ್ವಲ್ಪ ಜೋರಾಗಿ ಹೇಳಯ್ಯ, ಚಿಕ್ಕವನು ಕೇಳಿಸ್ಕೊಳ್ಳಿ,” ಎನ್ನುತ್ತಿದ್ದ. ಹುಡುಗ ಬಿಡಬೇಕೆಂದು ಪ್ರಯತ್ನಿಸದೇ ಇರಲಿಲ್ಲ. ಕೊನೆಯ ಕೂದಲು ಬೀಳುವ ಮೊದಲೇ ತನಗೆ ತಾನೇ ಬೇಡ ಬೇಡ ಎಂದುಕೊಳ್ಳುತ್ತಿದ್ದ. ಆದರೆ ಕೈ ಅಷ್ಟರಲ್ಲಿ ಮೇಲೆ ಹೋಗಿರುತ್ತಿತ್ತು. ಕೈ ಹೋದ ಮೇಲೆ ಬಾಯಿ ಹಿಂದೆ ಉಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಟ್ಟೆ ಅಂಗಡಿಯವನು ಇವನ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಮಾಲೀಕ ಒಬ್ಬ ಮುದುಕನ ಮುಖಕ್ಕೆ ನೊರೆ ಹಚ್ಚುತ್ತಿದ್ದ. ಮಗಳ ಮನೆಗೆ ಬಂದಿದ್ದ, ಆ ಅಂಗಡಿಗೆ ಹೊಸಬನಾದ ಮುದುಕ. ಬಟ್ಟೆ ಅಂಗಡಿಯವನ ಕೂದಲು ಮುಗಿಯಿತು, ಕೂಗೂ ಆಯಿತು. ಶೇವಿಂಗ್ ಬೇರೆ ಮಾಡಬೇಕಿತ್ತು. ಹುಡುಗ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬರುವಾಗ ಮುದುಕ ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿದ್ದ.

“ಆ ಕೂಗು ಮೇಷ್ಟ್ರದ್ದಲ್ವೇನೋ?” ಎಂದ.

ಹುಡುಗ ರೇಜರನ್ನು ನೀರಿಗೆ ಅದ್ದಿದ.

“ವರ್ಷಗಟ್ಟಲೆ ಆ ಕೂಗು ಕೇಳ್ಕೊಂಡು ಗೇಟು ಕಾದಿದೀನಿ ನಾನು. ಯಾವ ಬ್ಲಾಕು ನೀನು?”

“ಇವನು ಹಾಸ್ಟೆಲ್ ಹುಡುಗ, ಯಜಮಾನ್ರೇ,” ಎಂದ ಮಾಲೀಕ.

“ಹಾಸ್ಟೆಲ್ಲೇ. ಕಿಟಕಿಗೆ ಕಂಬಿ, ಗೋಡೆ ಮೇಲೆ ಗಾಜಿನ ಚೂರು ಇರೋ ಹಾಸ್ಟೆಲ್ಲು.” ಮುದುಕನಿಗೆ ಹಳೆಯ ಗುರುತು ಸಿಕ್ಕ ಖುಷಿ, ಕೇಡು ಬಯಸಿ ಹೇಳಿದ್ದಲ್ಲ. “ತಪ್ಪು ತಿಳ್ಕೋಬೇಡಿ. ಕೆಲಸ ಚೆನ್ನಾಗೇ ಕಲಿಸ್ತಾರೆ. ಒಂದು ಕತ್ತರಿ ಕಳೆದಿದ್ದಿಲ್ಲ ಅಲ್ಲಿ.”

ಬಟ್ಟೆ ಅಂಗಡಿಯವನ ಕಣ್ಣು ಕನ್ನಡಿಯಲ್ಲಿ ರೇಜರಿನ ಮೇಲೆ ನಿಂತಿತು. “ಸ್ವಲ್ಪ ತಡೀಪ್ಪ,” ಎಂದ.

“ಇನ್ನೊಂದು ಕೆನ್ನೆ ಇದೆ ಸಾರ್.”

“ಇರ್ಲಿ. ಅದನ್ನ ಮನೇಲಿ ನೋಡ್ಕೋತೀನಿ.”

ಅವನು ನೊರೆಯನ್ನು ಅಂಗೈಯಲ್ಲಿ ಒರೆಸಿಕೊಂಡು, ಕುತ್ತಿಗೆಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನೂ ಬಿಚ್ಚದೆ ಬೀದಿಗಿಳಿದ. ಮಾಲೀಕ ಹಿಂದೆಯೇ ಓಡಿ ಬಿಚ್ಚಿಸಿಕೊಂಡು ಬಂದ. ಖಾಲಿ ಕುರ್ಚಿಯ ಹಿಂದೆ ಹುಡುಗ ಒಂದು ಹೆಜ್ಜೆ ಸರಿದ. ಕೈ ಮೇಲೆ ಹೋಯಿತು.

“ರೇಜರ್ ಒಂದು,” ಎಂದ, ತೀರ ಸಣ್ಣ ದನಿಯಲ್ಲಿ.

“ಒಳಗೆ,” ಎಂದ ಮುದುಕ. ಅವನಿಗೂ ಅದು ಅಭ್ಯಾಸವಾಗಿತ್ತು.

ಮಾಲೀಕ ಕೆಟ್ಟವನಲ್ಲ. ಸಂಜೆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಹಾ ತರಿಸಿಕೊಟ್ಟ. “ನಂಗೇನಿಲ್ಲಪ್ಪ. ನೀನು ಏನು ಮಾಡಿದ್ದೆ ಅಂತಾನೂ ಕೇಳಲ್ಲ. ಆದ್ರೆ ನಮ್ಮ ಕಸುಬಲ್ಲಿ ಗಿರಾಕಿ ಕಣ್ಣು ಮುಚ್ಕೊಂಡು ಕತ್ತು ಕೊಡ್ತಾನೆ. ಕಣ್ಣು ಬಿಟ್ಕೊಂಡು ಕೂತ ಅಂದ್ರೆ ಮುಗೀತು. ಮನೇಲೇ ಮಾಡ್ಕೋತಾನೆ.” ಲೋಟ ಕೆಳಗಿಟ್ಟು ಕೇಳಿದ: “ಬಾಯಿ ಮುಚ್ಕೊಂಡು ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ವಲ್ಲೋ?”

ಅದೇ ಪ್ರಶ್ನೆಯನ್ನು ಅಕ್ಕನೂ ಕೇಳಿದಳು. ಮೊದಲ ಕುರ್ಚಿ ಹೋಯಿತೆಂದು ಭಾವನಿಗೆ ತಿಳಿಯುವ ಮೊದಲೇ ಅವನು ಇನ್ನೊಂದು ಹುಡುಕಿಕೊಂಡ. ಎರಡನೆಯ ಅಂಗಡಿ ಮಾರುಕಟ್ಟೆಯ ಆಚೆ ಬದಿಯಲ್ಲಿತ್ತು. ಅಲ್ಲಿ ಅವನು ಕತ್ತರಿಸುವಾಗಲೆಲ್ಲ ಒಂದು ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದ. ಜೊಲ್ಲು ಹತ್ತಿದ ಬಾಚಣಿಗೆ ನಮ್ಮ ತಲೆಗೆ ಬೇಡ ಎಂದು ಗಿರಾಕಿಗಳು ಗೊಣಗಿದರು. ಮಾಲೀಕ ಬಾಚಣಿಗೆ ಕಿತ್ತುಕೊಂಡ. ಆ ಮಧ್ಯಾಹ್ನವೇ ಕೂಗು ಹೊರಬಿತ್ತು. ಆ ವಾರದಲ್ಲೇ ಕುರ್ಚಿ ಹೋಯಿತು, ಆಗಲೂ ಭಾವನ ಕಿವಿಗೆ ಬೀಳುವ ಮೊದಲೇ ಇನ್ನೊಂದು ಸಿಕ್ಕಿತು. ಮೂರನೆಯ ಅಂಗಡಿಯಲ್ಲಿ ಬಾಯಿಯನ್ನು ಹೇಗೋ ಗೆದ್ದ. ಕೈಯನ್ನು ಗೆಲ್ಲಲಾಗಲಿಲ್ಲ. ಪ್ರತಿ ತಲೆಯ ನಂತರ ರೇಜರ್ ಹಿಡಿದ ಕೈ ಮಾತಿಲ್ಲದೆ ಮೇಲೇಳುತ್ತಿತ್ತು. ಕೂಗಿದ್ದರೆ ಜನ ನಗುತ್ತಿದ್ದರೋ ಏನೋ; ಸುಮ್ಮನೆ ಎತ್ತಿದ ಆ ಕೈ ಕಂಡು ಹೆದರಿದರು.

ಇಷ್ಟರಲ್ಲಿ ಮನೆಯಲ್ಲಿ ಬೇರೆ ಆಟ ಶುರುವಾಗಿತ್ತು. ಅಕ್ಕನಿಗೆ ಈರುಳ್ಳಿ ಹೆಚ್ಚಿಕೊಟ್ಟ ದಿನ ಅವನ ಬಾಯಿಂದ “ಚಾಕು ಒಂದು” ಎಂದು ಬಂದದ್ದನ್ನು ಭಾವ ಕೇಳಿಸಿಕೊಂಡ. ಊಟ ಮುಗಿಸಿ ಏಳುವಾಗ ಹೇಳಿದ: “ಏಯ್, ನಿಂತ್ಕೊಂಡು ಹೇಳು. ತಟ್ಟೆ ಒಂದು, ಲೋಟ ಒಂದು.”

ತಮಾಷೆ ಎಂದುಕೊಂಡು ಅವನು ಎದ್ದು ನಿಂತು ಹೇಳಿದ. ಮಗು ಚಪ್ಪಾಳೆ ತಟ್ಟಿತು. ಮರುದಿನವೂ ಭಾವ ಹೇಳಿಸಿದ. ಆಮೇಲೆ ಅದು ಊಟದ ಭಾಗವಾಯಿತು. ಹೇಳದೆ ಕೈ ತೊಳೆಯಲು ಹೋದರೆ ಭಾವ ಕಾಲು ಅಡ್ಡ ಚಾಚುತ್ತಿದ್ದ. “ಕದ್ದು ಅಭ್ಯಾಸ ಇರೋರು ಮನೇಲಿದ್ರೆ ನಾವೂ ಎಣಿಸ್ಕೋಬೇಕಲ್ಲ,” ಎನ್ನುತ್ತಿದ್ದ. ನೆರೆಯವರು ಬಂದಾಗ, “ನಮ್ಮ ಭಾಮೈದಂದು ಒಂದು ಐಟಂ ಇದೆ, ನೋಡಿ,” ಎಂದು ಎಬ್ಬಿಸಿ ನಿಲ್ಲಿಸುತ್ತಿದ್ದ. ಅಕ್ಕ ತಲೆ ತಗ್ಗಿಸಿ ಬಡಿಸುತ್ತಿದ್ದಳು. ಒಂದು ದಿನ ಮಗು ಅವನ ಪಕ್ಕದಲ್ಲೇ ನಿಂತು, ಚಮಚ ಎತ್ತಿ ಹಿಡಿದು, ಮಾವನ ದನಿಯನ್ನೇ ತಂದುಕೊಂಡು “ಛರಿಯಿದೆ ಛಾರ್” ಎಂದಾಗ ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಭಾವನ ನೂರು ಮಾತು ಮರೆತಿದ್ದಾನೆ ಅವನು. ಆ ನಗು ಮರೆತಿಲ್ಲ.

ಮೂರನೆಯ ಕುರ್ಚಿಯೂ ಹೋದ ದಿನ ಭಾವ ಕೂಗಾಡಲಿಲ್ಲ. ಅವನ ಚೀಲವನ್ನು ತಾನೇ ತುಂಬಿ ಬಾಗಿಲ ಬಳಿ ಇಟ್ಟಿದ್ದ. ಹಿಮ್ಮಡಿ ಕೂಡಿಸಿ, ಬಲಗೈ ಎತ್ತಿ, “ಭಾಮೈದ ಒಂದು,” ಎಂದ. ಆಮೇಲೆ ಬೆರಳನ್ನು ಮೆಟ್ಟಿಲ ಕಡೆ ತೋರಿಸಿ, “ಹೊರಗೆ.”

ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲಿಲ್ಲ. ಅವನು ಮೆಟ್ಟಿಲಿಳಿಯುವಾಗ, “ಬಿಸಿಲಿದೆ, ಚಪ್ಪಲಿ ಹಾಕ್ಕೊಂಡು ಹೋಗೋ,” ಎಂದಳು.

ಚೀಲ ಹಿಡಿದುಕೊಂಡು ಅವನು ಹೋಗಿ ನಿಂತದ್ದು ಸುಧಾರಣಾ ಗೃಹದ ಗೇಟಿಗೆ. ಬೇರೆ ಎಲ್ಲಾದರೂ ಕುರ್ಚಿ ಕೊಡಿಸಿ ಎಂದು ಮೇಷ್ಟ್ರನ್ನು ಕೇಳುವ ಯೋಚನೆಯಿತ್ತು. ಮೇಷ್ಟ್ರಿಗೆ ವಯಸ್ಸಾಗಿತ್ತು. ಕತ್ತರಿ ಹಿಡಿದಾಗ ನಡುಗದ ಕೈ ಪೆಟ್ಟಿಗೆಗೆ ಬೀಗ ಹಾಕುವಾಗ ನಡುಗುತ್ತಿತ್ತು. ಕಿವಿ, ಕಣ್ಣು ಎರಡೂ ಮಂದವಾಗಿ, ಹುಡುಗರು ಒಂದು ಬಾಚಣಿಗೆ ಎತ್ತಿ ಎರಡು ಎಂದರೂ ತಿಳಿಯುತ್ತಿರಲಿಲ್ಲ. ಎಣಿಸಲು ಒಬ್ಬ ಬೇಕಿತ್ತು. ಸೂಪರಿಂಟೆಂಡೆಂಟರಿಗೆ ಇನ್ನೊಂದು ಅಗತ್ಯವಿತ್ತು. ಮೂರು ಕಸುಬುಗಳ ತರಬೇತಿಯಿಂದ ಏನು ಪ್ರಯೋಜನವಾಗಿದೆ ಎಂದು ಮೌಲ್ಯಮಾಪನ ಮಾಡಲು ಸರ್ಕಾರ ಹೊರಗಿನ ಸಂಸ್ಥೆಯೊಂದಕ್ಕೆ ಹೇಳಿತ್ತು. “ತೋರಿಸೋಕೆ ಒಬ್ಬನಾದ್ರೂ ಬೇಕಲ್ಲ,” ಎಂದರು ಸೂಪರಿಂಟೆಂಡೆಂಟರು. “ಇಲ್ಲೇ ಕಲಿತು ಇಲ್ಲೇ ಕೆಲಸ. ಚೆನ್ನಾಗಿರುತ್ತೆ ಕೇಳೋಕೆ.”

ಹಾಗೆ ಅವನು ತಾತ್ಕಾಲಿಕ ಸಹಾಯಕನಾದ. ಪೆಟ್ಟಿಗೆ ತೆರೆಯುವುದು, ಉಪಕರಣ ಹಂಚುವುದು, ಕೂಗು ಕೇಳುವುದು, “ಒಳಗೆ” ಎನ್ನುವುದು. ಇಷ್ಟೇ ಕೆಲಸ. ಉಳಿಯಲು ಜಾಗವಿರಲಿಲ್ಲವಾದ್ದರಿಂದ ಉಪಕರಣದ ಕೋಣೆಯಲ್ಲೇ ಮಲಗುತ್ತಾನೆ. ಆ ಕೋಣೆಗೆ ಸಂಜೆಯ ನಂತರ ಹೊರಗಿನಿಂದ ಬೀಗ ಹಾಕಬೇಕೆಂಬುದು ನಿಯಮ. ಅವನನ್ನು ಒಳಗಿಟ್ಟೇ ಹಾಕುತ್ತಾರೆ. ಕೇಳಿದರೆ, “ಕಿಟಕಿ ದೊಡ್ಡದು, ಗಾಳಿ ಚೆನ್ನಾಗಿ ಬರುತ್ತೆ,” ಎನ್ನುತ್ತಾನೆ.

ಮೇಷ್ಟ್ರಿಗಿಂತ ಅವನು ಬಿಗಿ. ಮೇಷ್ಟ್ರು ಕಾಯಿಸುತ್ತಿದ್ದದ್ದು ಬೇಸರದಿಂದ. ಇವನು ಕಾಯಿಸುವುದು ಗಮನವಿಟ್ಟು. ಮೊಣಕೈ ಬಾಗಿದರೆ ಬಾಚಣಿಗೆಯ ಅಂಚಿನಿಂದ ಗೆಣ್ಣಿಗೆ ಹೊಡೆಯುತ್ತಾನೆ. ಹುಡುಗರು ಅವನನ್ನು ಎದುರಿಗೆ ಅಣ್ಣ ಎನ್ನುತ್ತಾರೆ, ಹಿಂದಿನಿಂದ ಏನೆನ್ನುತ್ತಾರೆಂದು ಅವನಿಗೆ ಗೊತ್ತು.

ಆ ಹುಡುಗರಲ್ಲಿ ಮುಂದಿನೆರಡು ಹಲ್ಲು ಉದ್ದವಾಗಿದ್ದುದರಿಂದ ಇಲಿ ಎಂದು ಹೆಸರಾದವನೊಬ್ಬನಿದ್ದ. ಕಸುಬಿನಲ್ಲಿ ಚುರುಕು. ಅವನ ಸೋದರಮಾವನದು ಬೇರೆ ಊರಿನಲ್ಲಿ ಸ್ವಂತ ಅಂಗಡಿ. ಬಿಡುಗಡೆಯಾದ ಕೂಡಲೇ ಒಂದು ಕುರ್ಚಿ ಬಿಟ್ಟುಕೊಡುವುದಾಗಿ ಮಾವ ಅವನ ತಾಯಿಗೆ ಹೇಳಿದ್ದ. ಕೂದಲು ಗುಡಿಸುವಾಗ ಇಲಿ ಒಮ್ಮೆ ಕೇಳಿದ: “ಅಣ್ಣಾ, ಮಾವನ ಅಂಗಡೀಲಿ ನನ್ನ ಬಾಯಿಂದ ಇದು ಬಂದ್ಬಿಟ್ರೆ?”

“ಯಾವುದು?”

“ಇದೇ. ಕೂಗು. ನಿದ್ದೇಲೂ ಕೂಗ್ತೀನಂತೆ ನಾನು. ಪಕ್ಕದೋನು ಹೇಳ್ದ.”

“ಬರಲ್ಲ,” ಎಂದ ಅವನು. “ಹೊರಗೆ ಹೋದ್ಮೇಲೆ ತಾನಾಗೇ ಹೋಗುತ್ತೆ.”

ಮೌಲ್ಯಮಾಪನಕ್ಕೆ ಬಂದವಳು ಮಧ್ಯವಯಸ್ಸಿನ, ಮೆತ್ತಗೆ ಮಾತಾಡುವ ಹೆಂಗಸು. ಎಲ್ಲರೂ ಮೇಡಂ ಎಂದರು. ಅವಳು ಈ ಮೊದಲಿನವರಂತೆ ಕೂಗು ಕೇಳಿ ಹೋಗುವವಳಲ್ಲ. ಇಲ್ಲಿಗೆ ಬರುವ ಮೊದಲೇ ಬಿಡುಗಡೆಯಾದ ಹುಡುಗರನ್ನು ಹುಡುಕಿಕೊಂಡು ಊರೂರು ತಿರುಗಿದ್ದಳು. ಮರಗೆಲಸ, ಹೊಲಿಗೆ ಕಲಿತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇನ್ನೂ ಅದೇ ಕಸುಬಿನಲ್ಲಿದ್ದರು. ಕ್ಷೌರ ಕಲಿತವರು ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದು, ಹೊರಗೆ ಎಲ್ಲರಿಗಿಂತ ಹಿಂದು. ಏನೂ ಕಲಿಯದೆ ಹೋಗಿ ಮೂಟೆ ಹೊರುತ್ತಿದ್ದವರೂ ಅವರಿಗಿಂತ ಹೆಚ್ಚು ಕಾಲ ಒಂದೆಡೆ ನಿಂತಿದ್ದರು. ಕಾರಣ ತಿಳಿಯದೆ ಅವಳು ಕಟಿಂಗ್ ಶಾಪುಗಳಿಗೇ ಹೋಗಿ ಕೇಳಿದಳು. ಬಸ್ ನಿಲ್ದಾಣದ ಹಿಂದಿನ ಮಾಲೀಕ ಎದ್ದು ನಿಂತು, ಕೈಯೆತ್ತಿ ಮಾಡಿಯೇ ತೋರಿಸಿದ. ಇನ್ನೂ ಎರಡು ಊರಿನ ಅಂಗಡಿಯವರು ಅದನ್ನೇ ಮಾಡಿ ತೋರಿಸಿದರು.

ಕ್ಷೌರದ ಕೋಣೆಯಲ್ಲಿ ಹುಡುಗರು ಒಬ್ಬರ ತಲೆ ಒಬ್ಬರು ಕತ್ತರಿಸುತ್ತಿದ್ದರು. ಮೇಡಂ ಗೋಡೆಗೊರಗಿ ನಾಲ್ಕಾರು ಕೂಗು ಕೇಳಿದಳು. ಆಮೇಲೆ ಹೇಳಿದಳು: “ಎಣಿಸೋದು ಬೇಡ ಅಂತಲ್ಲ. ಗೋಡೆ ಮೇಲೆ ಒಂದು ಹಲಗೆ ಹಾಕಿ. ಪ್ರತಿಯೊಂದು ಕತ್ತರಿ, ಬಾಚಣಿಗೆಯ ಆಕಾರ ಅದರ ಮೇಲೆ ಬಣ್ಣದಲ್ಲಿ ಬರೆಸಿ. ಮುಗಿದ ಮೇಲೆ ಅಲ್ಲೇ ತೂಗುಹಾಕ್ಲಿ. ಯಾವುದು ಇಲ್ಲ ಅಂತ ಬಾಗಿಲಿಂದಲೇ ಕಾಣುತ್ತೆ. ಕೂಗೋದು ಬೇಕಾಗಲ್ಲ.”

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಕಿವಿಯ ಹತ್ತಿರ ಯಾರೋ ಜೋರಾಗಿ ಹೇಳಿದ ಮೇಲೆ ಅವರಿಗೆ ಅರ್ಥವಾಯಿತು. ಅವರು ಸಿಟ್ಟಾಗಲಿಲ್ಲ. “ಹಲಗೆ ಆದ್ರೆ ಹಲಗೆ,” ಎಂದರು. “ನಮ್ಮ ಕಾಲದಲ್ಲಿ ಹಲಗೆ ಕೊಟ್ಟಿರಲಿಲ್ಲ, ಕೂಗಿಸ್ದೆ.”

ಅಷ್ಟಕ್ಕೆ ಮುಗಿಯಬಹುದಿತ್ತು. ಅತಿಥಿಗಳಿಗೆ ತೋರಿಸುವ ಐಟಂ ಕೈಬಿಡಲು ಸೂಪರಿಂಟೆಂಡೆಂಟರಿಗೆ ಮನಸ್ಸಿರಲಿಲ್ಲ. ಪೆಟ್ಟಿಗೆಯ ಪಕ್ಕ ನಿಂತವನ ಭುಜದ ಮೇಲೆ ಕೈಯಿಟ್ಟರು. “ಮೇಡಂ, ನಾವು ನೀವು ಮಾತಾಡಿ ಏನು? ಇವನೇ ಇಲ್ಲಿ ಕಲಿತವನು, ಹೊರಗೂ ಕೆಲಸ ಮಾಡಿದವನು. ಇವನನ್ನೇ ಕೇಳಿ.” ಆಮೇಲೆ ನಗುತ್ತ ಸೇರಿಸಿದರು: “ಹಲಗೆ ಬಂದ್ರೆ ಇವನ ಕೆಲಸಾನ ಹಲಗೆಯೇ ಮಾಡುತ್ತೆ ಅನ್ನೋದು ಬೇರೆ ಮಾತು.”

ಕೋಣೆಯಲ್ಲಿ ಕತ್ತರಿಗಳು ನಿಂತವು. ಇಲಿ ಕೈಯಲ್ಲಿ ಪೊರಕೆ ಹಿಡಿದು ಅವನನ್ನೇ ನೋಡುತ್ತಿದ್ದ.

“ಈ ಕೂಗಿನಿಂದ ಹೊರಗೆ ನಿನಗೆ ತೊಂದರೆ ಆಯ್ತಾ?” ಎಂದಳು ಮೇಡಂ.

“ಇಲ್ಲ ಮೇಡಂ.”

“ಮಾಲೀಕರು ನಂಗೆ ಬೇರೆ ಹೇಳಿದ್ರಲ್ಲ.”

“ನನ್ನ ಬಾಯಿ ಸರಿಯಿರಲಿಲ್ಲ ಮೇಡಂ. ಕೂಗು ಸರಿಯಾಗೇ ಇತ್ತು.”

“ಅಂಗಡಿ ಬಿಡಿಸಿದ್ದು?”

“ನಾನೇ ಬಿಟ್ಟಿದ್ದು.”

ಮೇಡಂ ಅವನ ಹತ್ತಿರ ಬಂದಳು. “ಯೋಚನೆ ಮಾಡಿ ಹೇಳು. ಇಲ್ಲಿರೋ ಹುಡುಗರಿಗೆ ಇದು ಬೇಕಾ?”

ಅವನು ಇಲಿಯ ಕಡೆ ನೋಡಲಿಲ್ಲ. “ಬೇಕು ಮೇಡಂ. ಇದಿಲ್ಲದಿದ್ರೆ ಇವರು ಮಾತು ಕೇಳಲ್ಲ. ಇವರ ಬುದ್ಧಿ ನಂಗೆ ಗೊತ್ತು. ನಾನೂ ಇಲ್ಲೇ ಇದ್ದವನು.”

ಅವಳು ಪ್ರಾಮಾಣಿಕಳಾಗಿದ್ದಳು, ಅದೇ ಕಷ್ಟವಾಯಿತು. ಅನುಭವಿಸಿದವರ ಮಾತಿಗೆ ಬೆಲೆ ಕೊಡಬೇಕೆಂಬುದು ಅವಳ ಸಂಸ್ಥೆಯ ಪದ್ಧತಿ. ಅಂಗಡಿಯವರು ಹೇಳಿದ್ದನ್ನು ಬರೆದಳು, ಅವನು ಹೇಳಿದ್ದನ್ನೂ ಬರೆದಳು. ಎರಡೂ ಕಡೆಯ ಮಾತಿದೆ, ಆದ್ದರಿಂದ ಇನ್ನಷ್ಟು ಅಧ್ಯಯನವಾಗುವ ತನಕ ಪದ್ಧತಿ ಈಗಿರುವಂತೆ ಮುಂದುವರಿಯಲಿ ಎಂದು ಮೇಲಿನವರು ತೀರ್ಮಾನಿಸಿದರು. ವರದಿಯಲ್ಲಿ, ತರಬೇತಿ ಪಡೆದ ಕಸುಬಿನಲ್ಲೇ ಕೆಲಸದಲ್ಲಿರುವವರ ಸಾಲಿನಲ್ಲಿ ಅವನೂ ಸೇರಿದ್ದಾನೆ. ಅಂದು ಹೊರಡುವಾಗ ಅವನ ಹೇಳಿಕೆಗೆ ಸಹಿ ಹಾಕಲು ಮೇಡಂ ತನ್ನ ಪೆನ್ನು ಕೊಟ್ಟಿದ್ದಳು. ಅವನು ಸಹಿ ಹಾಕಿ, ಒಂದು ಹೆಜ್ಜೆ ಹಿಂದೆ ಸರಿದು, ಪೆನ್ನನ್ನು ಮೇಲೆತ್ತಿ ನಿಂತ. ತೆಗೆದುಕೊಳ್ಳುವ ಮೊದಲು ಏನು ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಇಲಿಯ ಬಿಡುಗಡೆಯ ಹಿಂದಿನ ದಿನ ಅವನ ಪಾಲಿನ ಕೊನೆಯ ತಲೆ ಮುಗಿಯಿತು. ಕೆಲವು ದಿನಗಳಿಂದ ಇಲಿ ಗುಟ್ಟಾಗಿ ಅಭ್ಯಾಸ ಮಾಡುತ್ತಿದ್ದ: ಬಲಗೈ ಏಳುವ ಹೊತ್ತಿಗೆ ಎಡಗೈಯಿಂದ ಮೊಣಕೈ ಹಿಡಿದುಕೊಳ್ಳುವುದು, ಕೂಗನ್ನು ಗಂಟಲಲ್ಲೇ ನುಂಗುವುದು. ಅಂದೂ ಹಾಗೇ ಮಾಡಿದ. ಕತ್ತರಿ ಭುಜದವರೆಗೆ ಬಂದು ನಿಂತಿತು. ತುಟಿ ಮಾತ್ರ ಅಲುಗಿತು. ಮಾವನ ಅಂಗಡಿಯಲ್ಲಿ ಇಷ್ಟೇ ಆದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಪೆಟ್ಟಿಗೆಯ ಪಕ್ಕ ನಿಂತಿದ್ದ ಸಹಾಯಕ ಅದನ್ನು ನೋಡಿದ. ಅದೇನೆಂದು ಆ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ.

“ಕೇಳಿಸ್ಲಿಲ್ಲ,” ಎಂದ.

“ಅಣ್ಣಾ, ನಾಳೆ ನಾನು ಹೋಗ್ತೀನಲ್ಲ.”

“ನಾಳೆ ತಾನೆ. ಕೈ ಮೇಲೆ.”

ಇಲಿ ಕೈಯೆತ್ತಿ ಕೂಗಿದ. ಅವನು ಬಾಚಣಿಗೆಯಿಂದ ಮೊಣಕೈಯನ್ನು ನೇರ ಮಾಡಿ, ಇನ್ನೊಮ್ಮೆ ಎಂದ. ಇಲಿ ಇನ್ನೊಮ್ಮೆ ಕೂಗಿದ. ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು. ಇನ್ನೊಮ್ಮೆ. ದನಿ ಒಡೆದು, ಕಣ್ಣಿನಲ್ಲಿ ನೀರು ಬರುವ ತನಕ ಹುಡುಗ ಕೂಗಿದ. ಪದಗಳು ಈಗ ಯೋಚನೆಯಿಲ್ಲದೆ, ಒಂದಕ್ಕೊಂದು ಅಂಟಿಕೊಂಡು, ತಾವಾಗಿಯೇ ಬರುತ್ತಿದ್ದವು.

ಅವನು ಕಿಟಕಿಯಾಚೆ ನೋಡುತ್ತ ಸ್ವಲ್ಪ ಹೊತ್ತು ಕಾಯಿಸಿದ.

“ಒಳಗೆ,” ಎಂದ.